ಸಾವಿರದ ಎಂಬತ್ತನೆಯ ಹಾಳೆ

ನನ್ನ ತಮ್ಮಂದಿರು ಅವಳಿಗಳು. ಮೊದಲು ಹುಟ್ಟಿದವನು ಇನ್ನೊಬ್ಬನಿಗಿಂತ ಹನ್ನೊಂದು ನಿಮಿಷ ದೊಡ್ಡವನು. ಆ ಹನ್ನೊಂದು ನಿಮಿಷವನ್ನು ಅವನು ಐವತ್ತೊಂದು ವರ್ಷದಿಂದ ಪಿತ್ರಾರ್ಜಿತ ಆಸ್ತಿಯ ಹಾಗೆ ಕಾಪಾಡಿಕೊಂಡು ಬಂದಿದ್ದಾನೆ. ಇನ್ನೊಬ್ಬ ಇದುವರೆಗೆ ಒಂದು ದಿನವೂ ಅವನನ್ನು ಅಣ್ಣ ಎಂದು ಕರೆದಿಲ್ಲ. ನಾನು ಇಬ್ಬರಿಗಿಂತ ನಾಲ್ಕು ವರ್ಷ ದೊಡ್ಡವಳು. ಮನೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ನಾಯಿ ಬರೆಯುವುದನ್ನು ಇಬ್ಬರಿಗೂ ಹೇಳಿಕೊಟ್ಟವಳು ನಾನೇ. ಇದನ್ನು ಇಬ್ಬರೂ ಒಪ್ಪುವುದಿಲ್ಲ. ಅವರಿಬ್ಬರೂ ಒಟ್ಟಾಗಿ ಒಪ್ಪದ ಸಂಗತಿ ಪ್ರಪಂಚದಲ್ಲಿ ಇದೊಂದೇ.

ಟೈರ್ ಅಂಗಡಿಯ ಮೇಲೆ ನಮ್ಮದು ಮೂರು ಕೋಣೆ. ನಾವು ಮಾಡುವುದು ಕೈಯಿಂದ ಬರೆದ ಚಿತ್ರಗಳನ್ನು ಓಡಿಸುವ ಕೆಲಸ. ಮೊದಲನೆಯ ಕೋಣೆಯಲ್ಲಿ ತಮ್ಮಂದಿರ ಮೇಜುಗಳು. ಮೇಜಿನ ನಡುವೆ ಗಾಜು, ಗಾಜಿನ ಕೆಳಗೆ ದೀಪ. ಬರೆದ ಹಾಳೆಯ ಮೇಲೆ ಖಾಲಿ ಹಾಳೆ ಇಟ್ಟರೆ ಕೆಳಗಿನ ಚಿತ್ರ ಕಾಣುತ್ತದೆ. ಕಾಲನ್ನು ಕೂದಲೆಳೆಯಷ್ಟು ಮುಂದೆ ಸರಿಸಿ ಅದನ್ನೇ ಮತ್ತೆ ಬರೆಯಬೇಕು. ಇಂಥ ಹನ್ನೆರಡು ಹಾಳೆ ಆದರೆ ಒಂದು ಸೆಕೆಂಡು. ಎರಡನೆಯ ಕೋಣೆ ಬಣ್ಣದ್ದು, ಅದು ನನ್ನದು. ಮೂರನೆಯದು ಕ್ಯಾಮೆರಾ ಕೋಣೆ. ಹಾಳೆಗಳನ್ನು ಒಂದೊಂದಾಗಿ ಮೇಲಿನಿಂದ ಫೋಟೋ ತೆಗೆಯುವುದು ಅಲ್ಲಿ. ಅದೂ ನನ್ನದೇ, ಯಾಕೆಂದರೆ ಆ ಕೆಲಸಕ್ಕೆ ತಾಳ್ಮೆ ಬೇಕು, ತಮ್ಮಂದಿರಿಗೆ ಅದಿಲ್ಲ. ನನಗೂ ಇಲ್ಲ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದೆ. ಬಂದು ಇಪ್ಪತ್ತಾರು ವರ್ಷವಾಯಿತು. ಹಲ್ಲುಪುಡಿಯ ಜಾಹೀರಾತು, ರಸ್ತೆ ದಾಟುವ ಮಕ್ಕಳು, ಸೊಳ್ಳೆಯ ಹುಟ್ಟು ಮತ್ತು ಸಾವು, ಎಲ್ಲಕ್ಕೂ ಬಣ್ಣ ತುಂಬಿದ್ದೇನೆ. ಗೆರೆ ಮಾತ್ರ ಅವರದು. ಇಷ್ಟು ವರ್ಷದಲ್ಲಿ ನಾನು ಎಳೆದ ಒಂದು ಗೆರೆಯೂ ಆ ಕ್ಯಾಮೆರಾದ ಕೆಳಗೆ ಹೋಗಿರಲಿಲ್ಲ. ಹೋಗಲಿ ಎಂದು ಕೇಳಿರಲೂ ಇಲ್ಲ, ಅದು ನನ್ನ ತಪ್ಪು.

ಹೋದ ವರ್ಷ ಒಂದು ಹೊಸ ಆಸ್ಪತ್ರೆಯ ಆಡಳಿತದ ಮೇಡಂ ನಮ್ಮಲ್ಲಿಗೆ ಬಂದರು. ರೋಗಿಗಳು ಕಾಯುವ ಹಾಲಿನ ಗೋಡೆಗೆ ದೊಡ್ಡ ಪರದೆ ಹಾಕಿಸಿದ್ದರಂತೆ. ಅದರಲ್ಲಿ ಓಡಿಸಲು ಮೂರು ನಿಮಿಷದ ಚಿತ್ರ ಬೇಕು, ಸದ್ದು ಇರಬಾರದು, ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗಬೇಕು, ಶುರುವಾದದ್ದು ಗೊತ್ತಾಗಬಾರದು, ನೋಡಿದವರಿಗೆ ಸಮಾಧಾನ ಆಗಬೇಕು. ಇಷ್ಟನ್ನೂ ನಿಂತುಕೊಂಡೇ ಹೇಳಿದರು. ನಮ್ಮ ಕುರ್ಚಿಗಳ ಮೇಲೆ ಬಣ್ಣ ಇರುತ್ತದೆ.

"ಒಬ್ಬ ಮನುಷ್ಯನ ಜೀವನ ಮಾಡೋಣ ಮೇಡಂ," ಎಂದ ದೊಡ್ಡವನು. "ಹುಟ್ತಾನೆ, ನಡೀತಾನೆ, ಮುದುಕ ಆಗ್ತಾನೆ, ಮತ್ತೆ ಹುಟ್ತಾನೆ."

"ಸಾಯೋದೆಲ್ಲ ತೋರಿಸ್ಬೇಡಿ. ಅಲ್ಲಿ ಕೂತಿರೋರು ರಿಪೋರ್ಟಿಗೆ ಕಾಯ್ತಾ ಇರ್ತಾರೆ."

"ಸಾಯಲ್ಲ ಮೇಡಂ. ಬಿಳಿ ಬಟ್ಟೆ ಹೊದ್ಕೊಂಡು ಮಲಗ್ತಾನೆ ಅಷ್ಟೆ."

"ಬಿಳಿ ಬಟ್ಟೆ ಯಾಕೆ?"

"ಅದೇ ಬಟ್ಟೆಯೊಳಗಿಂದ ಮಗುವಿನ ಕೈ ಆಚೆ ಬರುತ್ತೆ. ಚಕ್ರ ಮೇಡಂ, ಕಾಲಚಕ್ರ."

"ನೀಲಿ ಮಾಡಿ," ಎಂದರು ಮೇಡಂ.

ನೀಲಿ ಮಾಡಲು ಒಪ್ಪಿದೆವು.

ಮೂರು ನಿಮಿಷಕ್ಕೆ ಎರಡು ಸಾವಿರದ ನೂರ ಅರವತ್ತು ಹಾಳೆ. ಕೈಯಲ್ಲಿ ಇದ್ದದ್ದು ಎರಡೂವರೆ ತಿಂಗಳು. ಮಾಮೂಲಿನಂತೆ ಒಬ್ಬ ಮುಖ್ಯ ಚಿತ್ರ ಬರೆದು ಇನ್ನೊಬ್ಬ ನಡುವಿನದನ್ನು ತುಂಬುತ್ತ ಕೂತರೆ ಆಗುವ ಮಾತಲ್ಲ. ಅದೂ ಅಲ್ಲದೆ ಇಬ್ಬರೂ ಒಂದೇ ಕಡೆಯಿಂದ ಹೊರಟರೆ ಮನುಷ್ಯ ತೆವಳುವ ಹೊತ್ತಿಗೇ ಕೊರಳಪಟ್ಟಿ ಹಿಡಿದುಕೊಂಡಿರುತ್ತಾರೆ. ಹಿಂದೆ ಸೊಳ್ಳೆಯ ಆರನೆಯ ಕಾಲಿನ ವಿಷಯದಲ್ಲಿ ಹಿಡಿದುಕೊಂಡಿದ್ದರು. ಆಗ ನಾನು ಹೇಳಿದೆ:

"ಒಬ್ಬ ಹುಟ್ಟೋ ಕಡೆಯಿಂದ ಮುಂದಕ್ಕೆ ಬರ್ಕೊಂಡು ಬರ್ಲಿ. ಇನ್ನೊಬ್ಬ ಮುದುಕನ ಕಡೆಯಿಂದ ಹಿಂದಕ್ಕೆ ಬರ್ಕೊಂಡು ಬರ್ಲಿ. ನಡುವೆ ಸೇರಿ. ಬೆನ್ನಿಗೆ ಬೆನ್ನು ಹಾಕ್ಕೊಂಡು ಕೂತ್ರೆ ಒಬ್ಬರ ಮೂತಿ ಒಬ್ಬರು ನೋಡೋ ಕರ್ಮಾನೂ ಇಲ್ಲ."

ಇಬ್ಬರೂ ತಮ್ಮ ತಮ್ಮ ಪೆನ್ಸಿಲ್ ಕೆತ್ತತೊಡಗಿದರು. ನನ್ನ ಮಾತು ಸರಿಯಾಗಿದ್ದಾಗ ಅವರು ಹಾಗೆಯೇ ಮಾಡುತ್ತಾರೆ.

"ಹುಟ್ಟೋ ಕಡೆ ನಂದು," ಎಂದ ದೊಡ್ಡವನು. "ಮೊದಲು ಹುಟ್ಟಿದೋನು ನಾನು."

"ಹಂಗಾದ್ರೆ ಮೊದಲು ಸಾಯೋನೂ ನೀನೇ ತಾನೆ?" ಎಂದ ಚಿಕ್ಕವನು. "ಎರಡೂ ನೀನೇ ಬರ್ಕೊ. ನಾನು ಮನೆಗೆ ಹೋಗಿ ಮಲಗ್ತೀನಿ."

"ನೋಡು ಅಕ್ಕ, ಹೆಂಗೆ ಮಾತಾಡ್ತಾನೆ."

"ಇಬ್ಬರೂ ಬಾಯ್ಮುಚ್ಚಿ," ಎಂದೆ. "ಇನ್ನೊಂದು ಮಾತಿದೆ. ನಡುವಿನ ಹಾಳೆ ನಂದು. ಸಾವಿರದ ಎಂಬತ್ತನೇದು. ಅದನ್ನ ನಾನು ಬರೀತೀನಿ."

"ನೀನಾ?"

"ಯಾಕೆ, ನನ್ನ ಕೈಗೆ ಏನಾಗಿದೆ?"

ದೊಡ್ಡವನು ನಕ್ಕ. "ತಗೋ ಅಕ್ಕ. ಒಂದು ಯಾಕೆ, ಬೇಕಿದ್ರೆ ಎರಡು ತಗೋ."

"ಒಂದು ಸಾಕು."

ಲೆಕ್ಕ ಹೀಗಾಯಿತು. ಒಂದರಿಂದ ಸಾವಿರದ ಎಪ್ಪತ್ತೊಂಬತ್ತರವರೆಗೆ ದೊಡ್ಡವನದು. ಕೊನೆಯಿಂದ ಹಿಂದಕ್ಕೆ ಸಾವಿರದ ಎಂಬತ್ತೊಂದರವರೆಗೆ ಚಿಕ್ಕವನದು. ಚಿಕ್ಕವನು ಬೆರಳು ಮಡಿಸಿ ಎಣಿಸಿ, ತನ್ನ ಪಾಲಿಗೆ ಒಂದು ಹಾಳೆ ಜಾಸ್ತಿ ಬಂದಿದೆ ಎಂದು ತಕರಾರು ತೆಗೆದ. ಹನ್ನೊಂದು ನಿಮಿಷ ತಡವಾಗಿ ಬಂದದ್ದಕ್ಕೆ ದಂಡ ಎಂದು ದೊಡ್ಡವನು ಹೇಳಿದ. ಕೆಲಸ ಶುರುವಾಯಿತು.

ಮನುಷ್ಯ ಎಂಬತ್ತು ವರ್ಷ ಬದುಕುವುದೆಂದು ಗೊತ್ತುಮಾಡಿಕೊಂಡಿದ್ದೆವು. ವರ್ಷಕ್ಕೆ ಇಪ್ಪತ್ತೇಳು ಹಾಳೆ. ನನ್ನ ಹಾಳೆಗೆ ಅವನಿಗೆ ಸರಿಯಾಗಿ ನಲವತ್ತು. ಅವನು ಒಂದು ರಸ್ತೆಯಲ್ಲಿ ಎಡದಿಂದ ಬಲಕ್ಕೆ ನಡೆಯುತ್ತಾನೆ, ಒಬ್ಬನೇ. ಜೊತೆಗೆ ಯಾರನ್ನೂ ತರಬಾರದು, ಒಬ್ಬರನ್ನು ತಂದರೂ ಕೆಲಸ ಎರಡರಷ್ಟಾಗುತ್ತದೆ ಎಂದು ಮೊದಲೇ ಮಾತಾಗಿತ್ತು. ಜನ ಬರಬಾರದು ಎಂದಿತ್ತೇ ಹೊರತು ಸಂಕೇತ ಬರಬಾರದು ಎಂದಿರಲಿಲ್ಲ. ಅಲ್ಲಿ ನಾನು ಸಿಕ್ಕಿಬಿದ್ದೆ.

ಮೊದಲನೆಯ ವಾರ ದೊಡ್ಡವನ ಹಾಳೆಗಳಲ್ಲಿ ಒಂದು ಮರ ಬಂತು. ಮರಕ್ಕೆ ಎಲೆ ಬಂತು. ಇದೇನು ಎಂದು ಕೇಳಿದರೆ "ಕಾಲ" ಎಂದ. ಚಿಕ್ಕವನು ಕಂಡವನಲ್ಲ, ಆದರೂ ಅವನ ಕಡೆಯಿಂದಲೂ ಒಂದು ಮರ ಬಂತು, ಎಲೆ ಉದುರುತ್ತಿತ್ತು. ಅವಳಿಗಳೆಂದರೆ ಇದೇ ಗೋಳು. ಜೊತೆಗೆ ಚಿಕ್ಕವನದು ಒಂದು ಕಪ್ಪು ಹಕ್ಕಿ, ಒಂದು ಬಿಳಿ ಹಕ್ಕಿ, ಒಂದು ಹಾರಿದರೆ ಇನ್ನೊಂದು ಕೂರುತ್ತದೆ. "ಇದು ದ್ವಂದ್ವ ಅಕ್ಕ," ಎಂದ. ಇರಲಿ, ಕಪ್ಪು ಬಿಳುಪಿಗೆ ಬಣ್ಣ ಕಲಸುವ ಕೆಲಸವಿಲ್ಲ. ಆದರೆ ಎಲೆ ಹಸಿರು. ಒಂದು ಹಾಳೆಯಲ್ಲಿ ಅರವತ್ತು ಎಲೆ. ಕಾಲ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲಕ್ಕೆ ನಾನು ಹಸಿರು ಬಳಿದಿದ್ದೇನೆ, ಒಂದೊಂದೇ ಎಲೆಯಾಗಿ, ಎರಡು ತಿಂಗಳು.

ಎಲೆಯ ದೆಸೆಯಿಂದ ನಾನು ಎರಡು ವಾರ ಹಿಂದೆ ಬಿದ್ದೆ. ಪ್ರತಿ ಶನಿವಾರ ಇಬ್ಬರೂ ಆ ವಾರದ ಹಾಳೆಗಳನ್ನು ದಾರದಿಂದ ಕಟ್ಟಿ ನನ್ನ ಕಪಾಟಿನಲ್ಲಿ ಇಡುತ್ತಿದ್ದರು. ನಾನು ಹಳೆಯ ಕಟ್ಟು ಮುಗಿಸಿ, ಫೋಟೋ ತೆಗೆದು, ಆಮೇಲೆ ಹೊಸದನ್ನು ಬಿಚ್ಚುತ್ತಿದ್ದೆ. ಅವರದು ಮುಗಿದ ಮೇಲೆ ಕೊನೆಯ ವಾರ ಮೂವರೂ ಬಣ್ಣಕ್ಕೆ ಕೂರುವುದೆಂದು ಮಾತಾಗಿತ್ತು. ಆ ವಾರ ಬಂತು. ಇಬ್ಬರೂ ತಲೆ ಎತ್ತದೆ ಬರೆಯುತ್ತಲೇ ಇದ್ದರು. "ಸ್ವಲ್ಪ ಇದೆ ಅಕ್ಕ," "ಸ್ವಲ್ಪ ತಿದ್ದೋದಿದೆ ಅಕ್ಕ." ಪಾಪ ಎಂದುಕೊಂಡೆ. ನನ್ನ ಜಾಯಮಾನಕ್ಕೆ ಹೊಂದದ ಕೆಲಸ ಅದು, ಪಾಪ ಎನ್ನುವುದು.

ಇಷ್ಟರಲ್ಲಿ ನನ್ನ ಹಾಳೆಯನ್ನು ಮನೆಯಲ್ಲಿ ಊಟದ ಮೇಜಿನ ಮೇಲೆ ಬರೆಯುತ್ತಿದ್ದೆ. ಅವರು ಸಾವಿರ ಬರೆಯುವಷ್ಟು ದಿನದಲ್ಲಿ ನಾನು ಒಂದು ಬರೆದೆ. ಹರಿದು ಹಾಕಿದ್ದನ್ನು ಸೇರಿಸಿದರೆ ಐವತ್ತರ ಹತ್ತಿರ. ಕೊನೆಗೆ ಒಂದು ಸರಿ ಬಂತು. ಬಣ್ಣ ಹಾಕಿ, ಒಣಗಿಸಿ, ರಟ್ಟಿನ ನಡುವೆ ಇಟ್ಟು ತಂದೆ.

ಗುರುವಾರ ಬೆಳಗ್ಗೆ ಆಸ್ಪತ್ರೆಯ ಹಾಲ್ ಶುರುವಾಗುವುದಿತ್ತು. ಬುಧವಾರ ಸಂಜೆ ಚಿತ್ರ ಕೊಡಬೇಕು. ಅದಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ಉಳಿದ ಕಟ್ಟುಗಳನ್ನು ಬಿಚ್ಚಿದೆ. ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಂಖ್ಯೆ ಇರುತ್ತದೆ. ದೊಡ್ಡವನ ಕೊನೆಯ ಹಾಳೆ ಸಾವಿರದ ಇನ್ನೂರ ಮೂರು. ತಪ್ಪು ಬರೆದಿದ್ದಾನೆ ಎಂದುಕೊಂಡು ಚಿಕ್ಕವನದನ್ನು ನೋಡಿದೆ. ಅವನದು ಹಿಂದೆ ಹಿಂದೆ ಬಂದು ಒಂಬೈನೂರ ಐವತ್ತೆಂಟರಲ್ಲಿ ನಿಂತಿತ್ತು.

ಇಬ್ಬರೂ ನಡುವನ್ನು ದಾಟಿ ಹೋಗಿದ್ದರು. ಒಂಬೈನೂರ ಐವತ್ತೆಂಟರಿಂದ ಸಾವಿರದ ಇನ್ನೂರ ಮೂರರವರೆಗೆ, ಇನ್ನೂರ ನಲವತ್ತಾರು ಹಾಳೆ, ಇಬ್ಬರೂ ಬರೆದಿದ್ದರು. ನಮ್ಮ ಮನುಷ್ಯ ಮೂವತ್ತೈದರಿಂದ ನಲವತ್ತೈದರವರೆಗಿನ ವರ್ಷಗಳನ್ನು ಎರಡೆರಡು ಸಲ ಬದುಕಿದ್ದ. ಸಾವಿರದ ಎಂಬತ್ತನೆಯ ಹಾಳೆಯೂ ಎರಡಿತ್ತು. ಎರಡೂ ನನ್ನದಲ್ಲ.

ದೊಡ್ಡವನ ಹಾಳೆಗಳಲ್ಲಿ ಮೂವತ್ತೇಳನೆಯ ವರ್ಷಕ್ಕೆ ರಸ್ತೆಯ ಪಕ್ಕದಿಂದ ಒಬ್ಬ ಹೆಂಗಸು ಬಂದು ಜೊತೆಗೆ ನಡೆಯತೊಡಗಿದ್ದಳು. ನಲವತ್ತಕ್ಕೆ ಅವನ ಹೆಗಲ ಮೇಲೆ ಮಗು. ದೊಡ್ಡವನು ಮದುವೆಯಾದದ್ದೂ ಮೂವತ್ತೇಳಕ್ಕೆ. ಚಿಕ್ಕವನ ಹಾಳೆಗಳಲ್ಲಿ ಅದೇ ಮನುಷ್ಯ ಕೈಯಲ್ಲಿ ಒಂದು ಸೂಟ್‌ಕೇಸ್ ಹಿಡಿದು, ಹಿಂದಕ್ಕೆ ತಿರುಗಿ ನೋಡದೆ ಒಂಟಿಯಾಗಿ ಹೋಗುತ್ತಿದ್ದ. ಚಿಕ್ಕವನು ಮದುವೆಯಾಗಲಿಲ್ಲ. ಮೂವತ್ತೆಂಟರಲ್ಲಿ ಯಾರಿಗೂ ಹೇಳದೆ ಊರು ಬಿಟ್ಟು ಹೋಗಿ ಎರಡು ವರ್ಷ ಬಿಟ್ಟು ಬಂದವನು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದವರಿಗೆ ಈಗಲೂ "ಆ ಕಡೆ" ಎನ್ನುತ್ತಾನೆ.

ನಾನು ಎರಡೂ ಕಟ್ಟುಗಳನ್ನು ಎತ್ತಿಕೊಂಡು ಹೋಗಿ ಅವರ ಮೇಜುಗಳ ಮೇಲೆ ಕುಕ್ಕಿದೆ.

"ಏನಿದು?"

ಇಬ್ಬರೂ ತಿರುಗಿದರು. ಎರಡೂವರೆ ತಿಂಗಳ ಮೇಲೆ ಮೊದಲ ಬಾರಿಗೆ ಒಬ್ಬರ ಹಾಳೆಯನ್ನು ಒಬ್ಬರು ನೋಡಿದರು.

"ಲೇ, ನನ್ನ ಜಾಗಕ್ಕೆ ಯಾಕೋ ನುಗ್ಗಿದೆ?" ಎಂದ ದೊಡ್ಡವನು.

"ನೀನು ಯಾಕೆ ನುಗ್ಗಿದೆ ಅದನ್ನ ಹೇಳು."

"ನೀನು ಸೋಮಾರಿ, ಇಲ್ಲೀವರೆಗೆ ಬರಲ್ಲ ಅಂತ ಗೊತ್ತಿತ್ತು. ಅದಕ್ಕೆ ಸ್ವಲ್ಪ ಮುಂದಕ್ಕೆ ಬಂದೆ, ನಿನಗೇ ಅನುಕೂಲ ಆಗ್ಲಿ ಅಂತ."

"ನಾನೂ ಅದಕ್ಕೇ ಬಂದೆ. ನೀನು ಎಲೆ ಎಣಿಸ್ಕೊಂಡು ಕೂತಿರ್ತೀಯ ಅಂತ."

"ಸುಳ್ಳು ಬೊಗಳ್ಬೇಡ. ನನ್ನ ಕೈಗೆ ನಲವತ್ತು ಸಿಗಬಾರ್ದು ಅಂತ ಬಂದಿದೀಯ."

"ಹೌದು," ಎಂದ ಚಿಕ್ಕವನು. "ನಿನ್ನ ಕೈಗೆ ಸಿಕ್ರೆ ಮದುವೆ ಮಾಡಿಸಿಬಿಡ್ತೀಯ ಅಂತ ಗೊತ್ತಿತ್ತು. ಮಾಡಿಸಿದೀಯ, ನೋಡು. ಮಗು ಬೇರೆ."

"ಒಬ್ಬನೇ ಪೆಟ್ಟಿಗೆ ಹಿಡ್ಕೊಂಡು ಹೋಗೋದು ಒಂದು ಜೀವನಾನಾ? ನೋಡಿದೋರಿಗೆ ಸಮಾಧಾನ ಆಗ್ಬೇಕು ಅಂದಿದಾರೆ ಮೇಡಂ."

"ನನಗೆ ಸಮಾಧಾನ ಆಗಿತ್ತು."

ದೊಡ್ಡವನ ಹೆಂಡತಿ, ನನ್ನ ನಾದಿನಿ, ಆ ಹೊತ್ತಿಗೆ ಚಹಾದ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಕೆಳಗೆ ಟೈರ್ ಅಂಗಡಿಯವರು ಕತ್ತೆತ್ತಿ ಮೇಲೆ ನೋಡುತ್ತಿದ್ದಾರೆ ಎಂದು ಹೇಳಿದಳು. ಆಮೇಲೆ ಗಂಡನ ಹಾಳೆಗಳನ್ನು ನೋಡಿದಳು.

"ಇದು ನಾನಾ?"

"ಹ್ಞೂಂ," ಎಂದ ದೊಡ್ಡವನು, ಸ್ವಲ್ಪ ಹೆಮ್ಮೆಯಿಂದ.

"ಇಷ್ಟು ದಪ್ಪ ಇದೀನಾ?"

ದೊಡ್ಡವನು ಆ ಹಾಳೆಯನ್ನು ಮಗುಚಿ ಹಾಕಿದ. ಚಿಕ್ಕವನು ಚಹಾ ಬಗ್ಗಿಸಿಕೊಂಡ.

ಆಮೇಲೆ ರಾಜಿಯ ಮಾತು ಶುರುವಾಯಿತು. ಅರ್ಧ ಅವನದು ಅರ್ಧ ಇವನದು ಹಾಕಿದರೆ ಹೆಂಡತಿ ಮಗು ಇದ್ದವನು ಇದ್ದಕ್ಕಿದ್ದಂತೆ ಸೂಟ್‌ಕೇಸ್ ಹಿಡಿದು ನಿಂತಿರುತ್ತಾನೆ. ಆಸ್ಪತ್ರೆಯಲ್ಲಿ ತೋರಿಸುವ ಚಿತ್ರವಲ್ಲ. ಚೀಟಿ ಎತ್ತೋಣ ಎಂದರೆ ಚೀಟಿ ಬರೆಯುವವರು ಯಾರು ಎಂಬ ಪ್ರಶ್ನೆ ಬಂತು. ಅರ್ಧ ಗಂಟೆ ಹೀಗೇ ಹೋಯಿತು. ಯಾರದನ್ನು ಹಾಕಿದರೂ ಇನ್ನೂರ ನಲವತ್ತಾರು ಹಾಳೆಗೆ ಬಣ್ಣ ತುಂಬಬೇಕು, ದಿನಕ್ಕೆ ನನ್ನಿಂದ ನಲವತ್ತು ಆಗುತ್ತದೆ, ಉಳಿದಿರುವುದು ನಾಲ್ಕು ದಿನ, ಎಂಬುದು ಒಬ್ಬನ ತಲೆಗೂ ಹೋಗಲಿಲ್ಲ.

"ನನ್ನ ಹಾಳೆ?" ಎಂದೆ.

ಇಬ್ಬರೂ ನನ್ನ ಕಡೆ ನೋಡಿದರು. ಯಾವ ಹಾಳೆ ಎಂದು ನೆನಪು ಮಾಡಿಕೊಳ್ಳಲು ಅವರಿಗೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟು ಹೊತ್ತು ನಾನು ನಿಂತಿದ್ದೆ.

"ನಿಂದು ಒಂದೇ ತಾನೆ ಅಕ್ಕ," ಎಂದ ದೊಡ್ಡವನು. "ಬಿಡು, ಮುಂದಿನ ಸಲ ನೋಡೋಣ."

"ಒಂದು ಹಾಳೆ ಕಣ್ಣಿಗೂ ಬೀಳಲ್ಲ ಅಕ್ಕ," ಎಂದ ಚಿಕ್ಕವನು. ಅವನು ಸಮಾಧಾನ ಹೇಳುತ್ತಿದ್ದ. "ಸೆಕೆಂಡಿನಲ್ಲಿ ಹನ್ನೆರಡರಲ್ಲಿ ಒಂದು ಪಾಲು. ಹಾಕಿದ್ರೂ ಒಂದೇ, ಬಿಟ್ರೂ ಒಂದೇ."

ಆ ದಿನದ ಮಟ್ಟಿಗೆ ಇಬ್ಬರೂ ಒಪ್ಪಿಕೊಂಡದ್ದು ಅದೊಂದನ್ನೇ. ನನಗೆ ಪಿತ್ತ ನೆತ್ತಿಗೇರಿತು. ಕೈಗೆ ಸಿಕ್ಕಿದ್ದು ಅಳಿಸುವ ರಬ್ಬರಿನ ಡಬ್ಬಿ, ಅದನ್ನು ಎಸೆದೆ. ಯಾರಿಗೂ ತಾಗಲಿಲ್ಲ, ನನ್ನ ಗುರಿ ಮೊದಲಿನಿಂದಲೂ ಸರಿಯಿಲ್ಲ. ಕ್ಯಾಮೆರಾ ಕೋಣೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದೆ: "ಎದ್ದು ಮನೆಗೆ ಹೋಗಿ. ಇಬ್ಬರೂ. ಬುಧವಾರದವರೆಗೆ ನನ್ನ ಕಣ್ಣಿಗೆ ಬಿದ್ರೆ ನೋಡ್ಕೊಳ್ಳಿ."

"ಚಿತ್ರ?" ಎಂದ ದೊಡ್ಡವನು.

"ಚಿತ್ರಾನೂ ಬುಧವಾರ."

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ನಾನೊಬ್ಬಳೇ ಕೋಣೆಗೆ ಹೋದೆ. ಒಂಬೈನೂರ ಐವತ್ತೇಳರವರೆಗಿನ ಹಾಳೆಗಳ ಫೋಟೋ ಆಗಿತ್ತು. ಸಾವಿರದ ಇನ್ನೂರ ನಾಲ್ಕರಿಂದ ಕೊನೆಯವರೆಗಿನದೂ ಆಗಿತ್ತು. ಜಗಳದ ವರ್ಷಗಳು ಮಾತ್ರ ಬಾಕಿ. ಎರಡು ಕಟ್ಟು ಎಡಕ್ಕೆ ಬಲಕ್ಕೆ ಇಟ್ಟುಕೊಂಡು ಕೂತೆ. ಹೆಂಡತಿ ಮಗುವಿನದು ಒಂದು ಕಡೆ, ಸೂಟ್‌ಕೇಸಿನದು ಒಂದು ಕಡೆ. ನಿಜ ಹೇಳುತ್ತೇನೆ, ಎರಡೂ ಚೆನ್ನಾಗಿದ್ದವು. ದೊಡ್ಡವನ ಮಗು ಅಪ್ಪನ ಕಿವಿ ಹಿಡಿದುಕೊಂಡಿತ್ತು. ಚಿಕ್ಕವನ ಮನುಷ್ಯ ಸೂಟ್‌ಕೇಸನ್ನು ಕೈಯಿಂದ ಕೈಗೆ ಬದಲಾಯಿಸುವ ರೀತಿ ನೋಡಿದರೆ ಅದರೊಳಗೆ ಏನೂ ಇಲ್ಲ ಎಂದು ಗೊತ್ತಾಗುತ್ತಿತ್ತು. ಯಾವುದನ್ನು ಹಾಕಿದರೂ ಒಬ್ಬ ತಮ್ಮನ ಹತ್ತು ವರ್ಷ ಕಸದ ಬುಟ್ಟಿಗೆ.

ಎರಡನ್ನೂ ಮತ್ತೆ ದಾರದಿಂದ ಕಟ್ಟಿದೆ. ಕಪಾಟಿನ ಮೇಲಿನ ಅರೆಗೆ ಹಾಕಿದೆ.

ನನ್ನ ಹಾಳೆಯನ್ನು ರಟ್ಟಿನಿಂದ ತೆಗೆದು ಕ್ಯಾಮೆರಾದ ಕೆಳಗೆ, ಹಾಳೆ ಅಲ್ಲಾಡದಂತೆ ಹಿಡಿಯುವ ಮೊಳೆಗಳಿಗೆ ಕೂರಿಸಿದೆ. ಅದರಲ್ಲಿ ಅದೇ ರಸ್ತೆ, ಅದೇ ಮರ. ಮನುಷ್ಯ ರಸ್ತೆಯ ಅಂಚಿನ ಕಟ್ಟೆಯ ಮೇಲೆ ಕೂತಿದ್ದಾನೆ. ಒಂದು ಕಾಲಿನ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಬಗ್ಗಿಸಿದ್ದಾನೆ, ಒಂದು ಸಣ್ಣ ಕಲ್ಲು ಬೀಳುತ್ತಿದೆ. ತಲೆ ತಗ್ಗಿಸಿರುವುದರಿಂದ ಮುಖ ಕಾಣುವುದಿಲ್ಲ. ಕಾಣುವುದು ನಡುನೆತ್ತಿ ಮತ್ತು ಅಲ್ಲಿ ತೆಳ್ಳಗಾಗುತ್ತಿರುವ ಕೂದಲು. ನೆತ್ತಿಯ ಸುಳಿ ನಡುವಿನಲ್ಲಿಲ್ಲ, ಎಡಕ್ಕೆ ಸ್ವಲ್ಪ ಜರುಗಿದೆ. ಅಲ್ಲಿನ ಕೂದಲು ಎಷ್ಟು ನೀರು ಹಾಕಿ ಬಾಚಿದರೂ ಕೂರುವುದಿಲ್ಲ. ಎರಡು ತಲೆಗಳನ್ನು ಎಂಟು ವರ್ಷ ಬಾಚಿದವಳಿಗೆ ಅದನ್ನು ಬರೆಯಲು ಯಾವ ಕನ್ನಡಿಯೂ ಬೇಡ, ಫೋಟೋವೂ ಬೇಡ.

ಒಂದು ಹಾಳೆಯನ್ನು ಒಂದೇ ಸಲ ಫೋಟೋ ತೆಗೆಯಬೇಕು ಎಂದು ಯಾವ ಕಾನೂನೂ ಇಲ್ಲ. ಹಾಳೆ ಬದಲಾಯಿಸದೆ ಮತ್ತೆ ಮತ್ತೆ ಗುಂಡಿ ಒತ್ತಿದರೆ ಪರದೆಯ ಮೇಲೆ ಅದು ಅಷ್ಟು ಹೊತ್ತು ನಿಲ್ಲುತ್ತದೆ. ಇದು ಕ್ಯಾಮೆರಾ ಕೋಣೆಯ ಕೆಲಸ, ಬರೆಯುವವರ ಕೆಲಸವಲ್ಲ. ಖಾಲಿ ಇದ್ದದ್ದು ಇನ್ನೂರ ನಲವತ್ತಾರು ಜಾಗ. ಕೋಣೆಯ ಹೊರಗಿನ ಕೆಂಪು ದೀಪ ಹಾಕಿ ಗುಂಡಿ ಒತ್ತತೊಡಗಿದೆ.

ನಲವತ್ತರ ಹತ್ತಿರ ಬಂದಾಗ ಬಾಗಿಲು ತಟ್ಟುವ ಸದ್ದಾಯಿತು. ಕೆಂಪು ದೀಪ ಉರಿಯುತ್ತಿದ್ದರೆ ಬಾಗಿಲು ತೆಗೆಯುವಂತಿಲ್ಲ, ಬೆಳಕು ಒಳಗೆ ಬಿದ್ದರೆ ಚಿತ್ರ ಹಾಳು. ಈ ಒಂದು ನಿಯಮವನ್ನು ನಮ್ಮಲ್ಲಿ ಯಾರೂ ಮುರಿದಿಲ್ಲ.

"ಅಕ್ಕ," ಎಂದ ದೊಡ್ಡವನು ಹೊರಗಿನಿಂದ. "ಯಾರದು ಹಾಕ್ತಿದೀಯ?"

"ಬರಬೇಡ ಅಂದಿದ್ದೆ."

"ಬಂದಿಲ್ಲ, ಹೊರಗೇ ಇದೀನಿ. ಹೇಳು, ಯಾರದು?"

"ನಂದು."

ಇನ್ನೊಂದು ಸಲ ಗುಂಡಿ ಒತ್ತಿದೆ.

"ಅದಾದ ಮೇಲೆ?" ಈಗ ಚಿಕ್ಕವನ ದನಿ. ಅವನೂ ಬಂದಿದ್ದ.

"ಅದಾದ ಮೇಲೂ ನಂದು. ಲೆಕ್ಕ ತಪ್ಪಿಸ್ಬೇಡಿ, ಹೋಗಿ."

ಹೋದರು. ಒಟ್ಟಿಗೇ ಮೆಟ್ಟಿಲು ಇಳಿದ ಸದ್ದು ಕೇಳಿಸಿತು. ಐವತ್ತೊಂದು ವರ್ಷದಲ್ಲಿ ಅವರು ಮಾತಿಲ್ಲದೆ ಮೆಟ್ಟಿಲು ಇಳಿದದ್ದನ್ನು ನಾನು ಕೇಳಿರಲಿಲ್ಲ. ಲೆಕ್ಕ ತಪ್ಪಿತ್ತು. ಅಳಿಸಿ ಒಂದರಿಂದ ಮತ್ತೆ ಶುರುಮಾಡಿದೆ.

ಗುರುವಾರ ಹತ್ತು ಗಂಟೆಗೆ ಆಸ್ಪತ್ರೆಯ ಹಾಲಿನಲ್ಲಿ ಮೇಡಂ, ನಾಲ್ಕು ಜನ ಡಾಕ್ಟರುಗಳು, ಕೆಲವು ನರ್ಸುಗಳು, ಮತ್ತೆ ನಿಜವಾಗಿಯೂ ಕಾಯಿಲೆಯಾಗಿ ಬಂದ ಹದಿನೈದಿಪ್ಪತ್ತು ಜನ ಇದ್ದರು. ಚಿತ್ರವನ್ನು ತಮ್ಮಂದಿರಿಗೆ ತೋರಿಸದೆ ನಾನೇ ಬುಧವಾರ ಕೊಟ್ಟು ಬಂದಿದ್ದೆ. ಅವರು ನನ್ನ ಎರಡು ಪಕ್ಕದಲ್ಲಿ ನಿಂತರು. ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಒಂದೇ ಬಣ್ಣ. ಅದನ್ನು ನೋಡಿ ಇಬ್ಬರಿಗೂ ಬೇಜಾರಾಗಿತ್ತು.

ನೀಲಿ ಬಟ್ಟೆಯಿಂದ ಮಗುವಿನ ಕೈ ಬಂತು. ಮಗು ತೆವಳಿತು, ಎದ್ದಿತು, ನಡೆ ಕಲಿಯಿತು. ಮರಕ್ಕೆ ಎಲೆ ಬಂತು. ನನ್ನ ಹಸಿರು ಚೆನ್ನಾಗಿ ಬಂದಿತ್ತು. ಹುಡುಗನಾದ, ಮೀಸೆ ಬಂತು, ಮೀಸೆ ತೆಗೆದ. ಡಾಕ್ಟರೊಬ್ಬರು ಗಡಿಯಾರ ನೋಡಿಕೊಂಡರು. ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ಹತ್ತಿರ, ನಡೆಯುತ್ತಿದ್ದವನು ಕೂತ. ಕೂರುವುದನ್ನು ನಾಲ್ಕಾರು ಹಾಳೆಯಲ್ಲಿ ಬರೆಯಬೇಕಾಗಿತ್ತು, ಬರೆದಿರಲಿಲ್ಲ. ಸುಮ್ಮನೆ ಕೂತ.

ಎರಡು ಸೆಕೆಂಡು ಯಾರಿಗೂ ಏನೂ ಅನ್ನಿಸಲಿಲ್ಲ. ಐದನೆಯ ಸೆಕೆಂಡಿಗೆ ಮೇಡಂ ಗೋಡೆಯ ಹತ್ತಿರ ನಿಂತಿದ್ದ ಎಲೆಕ್ಟ್ರಿಷಿಯನ್ ಕಡೆ ತಿರುಗಿದರು.

"ನಿಂತೋಯ್ತಾ?"

ಎಲೆಕ್ಟ್ರಿಷಿಯನ್ ಪ್ಲಗ್ ಮುಟ್ಟಿ ನೋಡಿದ. ಅಷ್ಟರಲ್ಲಿ ಮೊಬೈಲು ನೋಡುತ್ತಿದ್ದವರು ತಲೆ ಎತ್ತಿದರು. ಓಡುತ್ತಿದ್ದಾಗ ಎತ್ತಿರಲಿಲ್ಲ.

"ಅಕ್ಕ, ಇದೇನ್ ಮಾಡಿಟ್ಟಿದೀಯ," ಎಂದು ದೊಡ್ಡವನು ಹಲ್ಲು ಕಚ್ಚಿ ಪಿಸುಗುಟ್ಟಿದ. "ನಮ್ಮ ಮಾನ ಹರಾಜು." ಆಮೇಲೆ ಪರದೆಯನ್ನೇ ನೋಡಿದ. ಕೈ ತನ್ನಷ್ಟಕ್ಕೆ ಎದ್ದು ನೆತ್ತಿಯನ್ನು ಮುಟ್ಟಿಕೊಂಡಿತು. "ಅದು ನನ್ನ ತಲೆ."

"ಬಾಯ್ಮುಚ್ಚೋ," ಎಂದ ಚಿಕ್ಕವನು ಆ ಪಕ್ಕದಿಂದ. "ನಂದು ಅದು."

ಇಪ್ಪತ್ತೂವರೆ ಸೆಕೆಂಡು ಮುಗಿಯಿತು. ಮನುಷ್ಯ ಎದ್ದು ನಡೆಯತೊಡಗಿದ, ಕಿವಿಯ ಹತ್ತಿರ ನರೆ ಬಂದಿತ್ತು. ಎಲೆ ಉದುರಿತು, ಕಪ್ಪು ಹಕ್ಕಿ ಕೂತಿತು, ಮುದುಕ ನೀಲಿ ಬಟ್ಟೆ ಹೊದ್ದು ಮಲಗಿದ, ಬಟ್ಟೆಯಿಂದ ಮಗುವಿನ ಕೈ ಬಂತು. ಡಾಕ್ಟರುಗಳು ಚಪ್ಪಾಳೆ ತಟ್ಟಿ ಕೆಲಸಕ್ಕೆ ಹೋದರು. ಮೇಡಂ ನಮ್ಮ ಹತ್ತಿರ ಬಂದರು.

"ಚೆನ್ನಾಗಿದೆ. ಆ ನಡುವೆ ನಿಲ್ಲುತ್ತಲ್ಲ, ಅದೊಂದು ತೆಗೆದುಬಿಡಿ. ಯಂತ್ರ ಕೆಟ್ಟಿದೆ ಅಂದ್ಕೋತಾರೆ ಜನ. ಅಲ್ಲಿಗೆ ಏನಾದ್ರೂ ಓಡಾಡೋದು ಹಾಕ್ಕೊಡಿ, ಒಂದು ವಾರ ಟೈಮ್ ತಗೊಳ್ಳಿ."

ಒಂದು ವಾರ. ಇನ್ನೂರ ನಲವತ್ತಾರು ಹಾಳೆಗೆ ಬಣ್ಣ ತುಂಬಲು ಸಾಕಾಗುವಷ್ಟು ಸಮಯ. ದೊಡ್ಡವನ ಕಟ್ಟೂ ಕಪಾಟಿನಲ್ಲಿತ್ತು, ಚಿಕ್ಕವನದೂ ಇತ್ತು. ನಾನು ಒಂದು ಮಾತೂ ಆಡಲಿಲ್ಲ. ನಾನು ಸುಮ್ಮನಿದ್ದುದನ್ನು ಕಂಡು ಇಬ್ಬರೂ ಹೆದರಿಕೊಂಡಿರಬೇಕು. ದೊಡ್ಡವನು ಬಾಯಿ ತೆರೆದ. ಹೆಂಡತಿ, ಮಗು, ಕಿವಿ, ಎಲ್ಲ ಅವನ ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು.

"ಆಗಲ್ಲ ಮೇಡಂ," ಎಂದ.

"ಯಾಕೆ?"

"ಅದು ನನ್ನ ತಲೆ."

ಮೇಡಂ ಅವನ ತಲೆಯನ್ನು ನೋಡಿದರು.

"ಅವನು ಹೇಳೋದು ಬಿಡಿ ಮೇಡಂ," ಎಂದ ಚಿಕ್ಕವನು. "ಅದನ್ನ ತೆಗೆದ್ರೆ ಈ ಮನುಷ್ಯ ಎಂಬತ್ತು ವರ್ಷ ನಡೀತಾನೇ ಇರ್ತಾನೆ. ದಿನವಿಡೀ. ಎಲ್ಲೂ ಕೂರಲ್ಲ. ಮಂಡಿ ನೋವು ಅಂತ ಬಂದು ಕೂತಿರೋರಿಗೆ ಅದನ್ನ ತೋರಿಸ್ತೀರಾ?"

ಮೇಡಂ ಹಾಲಿನ ಕಡೆ ತಿರುಗಿದರು. ಮೊದಲ ಸಾಲಿನಲ್ಲಿ ಮೂರು ಜನ ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದರು.

"ಬರೆದಿದ್ದು ಯಾರು ಅದನ್ನ?"

"ಅಕ್ಕ," ಎಂದರು ಇಬ್ಬರೂ. ಒಟ್ಟಿಗೇ ಹೇಳಿದ್ದಕ್ಕೆ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡಿದರು.

"ಸರಿ, ಸ್ವಲ್ಪ ದಿನ ನೋಡೋಣ," ಎಂದರು ಮೇಡಂ. ನನ್ನ ಕಡೆ ತಿರುಗಿ, "ಇಷ್ಟು ಹೊತ್ತು ಯಾಕೆ ಕೂರಿಸಿದ್ರಿ?" ಎಂದು ಕೇಳಿದರು.

"ಅಷ್ಟು ಜಾಗ ಇತ್ತು," ಎಂದೆ.

ಬಸ್ಸಿನಲ್ಲಿ ಬರುವಾಗ ಚಿಕ್ಕವನು ಕಿಟಕಿಯ ಹೊರಗೆ ನೋಡುತ್ತ ಕೇಳಿದ: "ಆ ಕಲ್ಲು ಏನು ಅಕ್ಕ? ಅಂದ್ರೆ, ಏನು ಅರ್ಥ?"

"ಕಲ್ಲು."

"ಅದಲ್ಲ. ಕಾಲಾನಾ, ಕರ್ಮಾನಾ?"

"ಬೂಟಿನೊಳಗೆ ಕಲ್ಲು ಹೊಕ್ಕಿತ್ತು. ತೆಗೆದ. ಟಿಕೆಟ್ ತಗೊಂಡ್ಯಾ?"

ಮೂರು ವಾರ ಬಿಟ್ಟು ನನ್ನ ರಕ್ತದೊತ್ತಡ ತೋರಿಸಿಕೊಳ್ಳಲು ಅದೇ ಆಸ್ಪತ್ರೆಗೆ ಹೋದೆ. ಹೆಚ್ಚಾಗಿದೆ ಎಂದರು, ಅದು ನನಗೆ ಗೊತ್ತಿದ್ದದ್ದೇ. ಹಾಲಿನಲ್ಲಿ ಕಾಯುತ್ತ ಕೂತಿದ್ದಾಗ ಪರದೆಯ ಕೆಳಗೆ ಒಂದು ಕಾಗದ ಅಂಟಿಸಿರುವುದು ಕಾಣಿಸಿತು. "ಟಿ.ವಿ. ಕೆಟ್ಟಿಲ್ಲ. ಅವರು ಕುಳಿತಿದ್ದಾರೆ." ಯಾರೋ ದೂರು ಹೇಳಿ ಹೇಳಿ ಸಾಕುಮಾಡಿದ ಮೇಲೆ ಅಂಟಿಸಿದ್ದಿರಬೇಕು. ಬಹುವಚನ ಹಾಕಿದ್ದರು.

ನನ್ನ ಪಕ್ಕದಲ್ಲಿ ಒಬ್ಬ ಮುದುಕರು ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದು ಕೂತಿದ್ದರು. ಅವರಿಗೆ ಕಾಗದ ಓದಲು ಕಾಣಿಸಲಿಲ್ಲವೋ ಏನೋ, ಹಾದುಹೋಗುತ್ತಿದ್ದ ನರ್ಸನ್ನು ಕರೆದರು.

"ಏನಮ್ಮ, ಇದು ಕೆಟ್ಟೋಗಿದೆ ನೋಡು."

"ಕೆಟ್ಟಿಲ್ಲ ತಾತ. ಕೂತಿದಾನೆ."

"ಎಷ್ಟು ಹೊತ್ತು ಕೂರ್ತಾನೆ?"

"ಇಪ್ಪತ್ತು ಸೆಕೆಂಡು."

ಮುದುಕರು ಪರದೆಯನ್ನು ನೋಡಿದರು. ಅವನು ಅಷ್ಟರಲ್ಲಿ ಎದ್ದು ಹೊರಟಿದ್ದ.

"ಅಷ್ಟೇನಾ?" ಎಂದರು.